ಗೆದ್ದಲ ದಾರಿಯ ಗೋಪುರ

ಪೇಟೆಯಲ್ಲಿ ಅರ್ಧಕ್ಕೆ ನಿಂತ ಮೆಟ್ರೋ ಕಂಬದ ಬುಡದಲ್ಲಿ ಒಂದು ಹುತ್ತ. ಅದರಲ್ಲಿ ಒಬ್ಬ ಮುದುಕ ಗೆದ್ದಲು, ಅವನ ಹೆಂಡತಿ ಬಾಳುತ್ತಿದ್ದರು. ಬೇಲಿ ಹತ್ತಿರದ ಹೊಂಗೆ ಕೊರಡಿನಲ್ಲಿ ಮುದುಕಿಯ ತಂಗಿ ಇದ್ದಳು. ಸಾಯೋದರೊಳಗೆ ಒಮ್ಮೆ ಅವಳನ್ನು ನೋಡಬೇಕು ಅನ್ನೋದೊಂದೇ ಮುದುಕಿಯ ಆಸೆ. ಬಿಸಿಲು ತಾಗಿದರೆ ಗೆದ್ದಲು ಉಳಿಯೋದಿಲ್ಲ. ಮಣ್ಣಿನ ಮಾಡು ಹೊದಿಸಿದ ದಾರಿಯೇ ಬೇಕು. ಮುದುಕ ಮೇಸ್ತ್ರಿ ಗೆದ್ದಲನ್ನು ಕರೆಸಿದ.

ಮೇಸ್ತ್ರಿ ಮೆಟ್ರೋ ಕಟ್ಟೋದನ್ನು ನೋಡಿ ಕಲಿತವನು. ಮಾರು ದೂರಕ್ಕೊಂದು ನಿಲ್ದಾಣ, ನಿಲ್ದಾಣಕ್ಕೊಂದು ಗೋಪುರ ಎಬ್ಬಿಸಿದ. ಕೊರಡು ಇನ್ನೂ ಎರಡು ಗೇಣು ದೂರ ಇರುವಾಗಲೇ ಮಣ್ಣು ಮುಗಿಯಿತು.

"ಯಜಮಾನರೇ, ನಿಮ್ಮ ಮನೆ ಗೋಡೆ ಕೊಡಿ, ಮುಗಿಸ್ತೀನಿ."

ಮುದುಕ ಗೋಡೆ ಕೆರೆಯತೊಡಗಿದ.

"ಏನ್ರೀ, ಬುದ್ಧಿ ಐತಾ? ತಂಗೀನ ನೋಡ್ಕೊಂಡು ಬಂದು ನಾನು ಮಲಗೋದೆಲ್ಲಿ?" ಅಂದಳು ಮುದುಕಿ. ಆಮೇಲೆ ಮೇಸ್ತ್ರಿ ಕಡೆ ತಿರುಗಿದಳು. "ಅಲ್ಲಪ್ಪಾ, ನಾನು ಕೇಳಿದ್ದು ದಾರಿ. ನೀನು ಗೋಪುರದ ಮೇಲೆ ಗೋಪುರ ಕಟ್ಟಿದ್ದೀಯ. ನಾನೇನು ದೇವರಾ?"

"ನೋಡಿದವರು ಮೆಚ್ಚಲಿ ಅಂತ, ಅಜ್ಜಿ."

"ಒಳಗೆಲ್ಲಾ ಕತ್ತಲು ಕಣಪ್ಪಾ. ನೋಡೋರು ಯಾರು?"

ಮೇಸ್ತ್ರಿ ನಾಚಿದ. ಗೋಪುರಗಳನ್ನು ಕೆಡವಿ, ಅದೇ ಮಣ್ಣಿನಲ್ಲಿ ದಾರಿಯನ್ನು ಕೊರಡಿಗೆ ಮುಟ್ಟಿಸಿದ. ಅಕ್ಕತಂಗಿಯರು ಮೀಸೆಗೆ ಮೀಸೆ ತಾಗಿಸಿ ಅತ್ತರು, ನಕ್ಕರು.

ಮಣ್ಣು ಸಾಕಾಗಿ ಒಂದು ಗೋಪುರ ಮಾತ್ರ ಕೆಡವದೆ ಉಳಿದಿತ್ತು. ತಂಗಿಯನ್ನು ನೋಡಲು ಹೋಗುವಾಗ ಮುದುಕಿ ದಣಿದು, ಅದರ ಕೆಳಗೆ ಮುದುಕನಿಗೆ ಒರಗಿ ಕೂತಿದ್ದಳು.

ಮುದುಕಿ ತೀರಿಕೊಂಡ ಮೇಲೆ ಮೇಸ್ತ್ರಿ ಬಂದು, "ಅದನ್ನೂ ಕೆಡವಲಾ, ಯಜಮಾನರೇ?" ಅಂತ ಕೇಳಿದ.

"ಬೇಡಪ್ಪಾ," ಅಂದ ಮುದುಕ. "ಅದೊಂದು ದಂಡ ಆಗಲಿಲ್ಲ."