ಅಮ್ಮ ಒಲ್ಲದ ಮಡು

ಮರಡಿಕೋಟೆಯಿಂದ ಹಿರೇತೊರೆಗೆ ಹೋಗುವ ರಸ್ತೆ ಹೊಂಗೆಹೊಳೆಯನ್ನು ದಾಟುವಲ್ಲಿ ಒಂದು ಸಣ್ಣ ಸೇತುವೆಯಿದೆ. ಅದರ ಕೆಳಗೆ, ಹೊಳೆ ಬಂಡೆಗೆ ತಾಗಿ ತಿರುಗುವ ಜಾಗದಲ್ಲಿ, ಆಳವಾದ ಮಡು. ಬೇಸಿಗೆಯಲ್ಲಿ ಅದರ ನೀರು ಕಪ್ಪಗೆ ನಿಂತಿರುತ್ತದೆ. ಮೊದಲ ಮಳೆ ಬಿದ್ದಾಗ ಮೇಲೆ ಬಿಳಿ ನೊರೆ ಕಟ್ಟುತ್ತದೆ. ದಡದಲ್ಲಿ ಕಲ್ಲಿನ ಮೆಟ್ಟಿಲುಗಳಿವೆ, ಮೆಟ್ಟಿಲುಗಳ ಮೇಲೊಂದು ಪುಟ್ಟ ಗುಡಿ. ಗುಡಿಯಲ್ಲಿ ಪೀಠವಿದೆ, ಮೂರ್ತಿಯಿಲ್ಲ. ಬಾಗಿಲೂ ಇಲ್ಲ. ಇದೇ ಹೊಳೆಯಲ್ಲಿ ಸ್ವಲ್ಪ ಮೇಲಕ್ಕೆ ನಡೆದರೆ ಇನ್ನೊಂದು ಮಡು ಸಿಗುತ್ತದೆ. ಅಲ್ಲಿ ನೀರು ತಿಳಿ, ತಳದ ಮರಳು ಕಾಣುತ್ತದೆ, ಸುತ್ತ ಕಬ್ಬಿಣದ ಬೇಲಿಯಿದೆ, ದಡದಲ್ಲಿ ಹೊಳೆಯಮ್ಮನ ದೇವಸ್ಥಾನವಿದೆ. ಎರಡು ಮಡುಗಳ ನಡುವೆ, ಎಡದಂಡೆಯಿಂದ ಕೋಟೆಮೋರಿ ಬಂದು ಹೊಳೆಗೆ ಸೇರುತ್ತದೆ. ಮರಡಿಕೋಟೆ ಪೇಟೆಯ ಒಳಚರಂಡಿಯ ಕೊಳವೆಯನ್ನು ಈಗ ಆ ಹಳೆಯ ಮೋರಿಯ ಜಾಡಿನಲ್ಲೇ ಹೂತಿದ್ದಾರೆ. ಅದು ಸೇರುವ ಜಾಗದಿಂದ ಕೆಳಗೆ ನೀರಿನಲ್ಲಿ ಕರಗಿರುವ ಆಮ್ಲಜನಕ ಮೀನು ಬದುಕಲು ಸಾಲದು. ಮೇಲೆ ಮೀನಿದೆ, ಕೆಳಗೆ ಇಲ್ಲ. ಸೇತುವೆಯ ಫಲಕದಲ್ಲಿ ಈ ಜಾಗದ ಹೆಸರನ್ನು 'ಒಲ್ಲದಮಡು' ಎಂದು ಬರೆದಿದ್ದಾರೆ. ಒಲ್ಲದವರು ಯಾರು, ಒಲ್ಲದ್ದು ಏನನ್ನು ಎಂದು ಕೇಳಿದರೆ ಹಿರೇತೊರೆಯಲ್ಲಿ ಎರಡು ಮನೆತನಗಳು ಎರಡು ಬಗೆಯಲ್ಲಿ ಹೇಳುತ್ತವೆ. ಪೂಜಾರಿ ಮನೆಯವರು ಹೊಳೆಯಮ್ಮ ಎನ್ನುತ್ತಾರೆ. ಹಿಂದೆ ಈ ಊರಲ್ಲಿದ್ದ ಓಬಕ್ಕನೆಂಬವಳ ಅಣ್ಣತಮ್ಮಂದಿರ ವಂಶದ ಹೆಂಗಸರು ಇನ್ನೊಂದು ಮಾತು ಹೇಳುತ್ತಾರೆ. ಆದದ್ದೇನು ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿದೆ.

ಹಿಂದೆ ಒಮ್ಮೆ ಮರಡಿಕೋಟೆಯಲ್ಲಿ ಒಬ್ಬ ನಾಯಕ ಆಳುತ್ತಿದ್ದ. ಅವನ ಕಾಲದಲ್ಲಿ ಕೋಟೆಯೊಳಗೆ ಜನ ತುಂಬಿದರು. ದಂಡಿನವರು, ಅವರ ಕುದುರೆ, ಅವರ ಬಿಡಾರ, ಅವರನ್ನು ನಂಬಿ ಬಂದ ಪೇಟೆ. ಎಲ್ಲ ಬಚ್ಚಲುಗಳೂ ಎಲ್ಲ ಹೊಲಸೂ ಕೋಟೆಯ ಸುತ್ತಲಿನ ಕಂದಕಕ್ಕೆ ಬೀಳುತ್ತಿದ್ದವು. ನಿಂತ ನೀರು ಕೊಳೆಯಿತು. ಕೋಟೆಯೊಳಗೆ ಜ್ವರ, ವಾಂತಿಭೇದಿ ಶುರುವಾಯಿತು. ಆಗ ನಾಯಕನ ಕಡೆಯವರು ಕಂದಕದ ಏರಿಯನ್ನು ಒಂದು ಕಡೆ ಕಡಿದು, ಹೊಂಗೆಹೊಳೆಯವರೆಗೆ ಮೋರಿ ತೋಡಿಸಿದರು. ಕಂದಕ ಬರಿದಾಯಿತು. ವಾಸನೆ ಹೋಯಿತು. ಕೋಟೆಯೊಳಗಿನ ಕಾಯಿಲೆಯೂ ನಿಂತಿತು. ಮೋರಿ ತೋಡಿಸಿದವನಿಗೆ ನಾಯಕ ಕಡಗ ತೊಡಿಸಿದನಂತೆ. ಕೋಟೆಯ ಲೆಕ್ಕದಲ್ಲಿ ಅದು ಪುಣ್ಯದ ಕೆಲಸ.

ಅದೇ ಬೇಸಿಗೆ ಹಿರೇತೊರೆಯಲ್ಲಿ ಮಕ್ಕಳು ಸಾಯತೊಡಗಿದರು. ಊರಿಗೆ ಬಾವಿ ಇರಲಿಲ್ಲ, ತೋಡಿದಲ್ಲೆಲ್ಲ ಬಂಡೆ. ಕುಡಿಯುವುದಕ್ಕೂ ಅಡಿಗೆಗೂ ಮಡುವಿನ ನೀರೇ. ನೀರಿನ ಬಣ್ಣ ಕೆಟ್ಟದ್ದು ಎಲ್ಲರಿಗೂ ಕಂಡಿತ್ತು, ವಾಸನೆಯೂ ಬಡಿದಿತ್ತು. ಆದರೆ ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂಬ ಮಾತು ಆ ಸೀಮೆಯಲ್ಲಿ ಹುಟ್ಟಿದಾಗಿನಿಂದ ಕೇಳಿದ್ದು. ಬಟ್ಟೆಯಲ್ಲಿ ಸೋಸಿದರು, ತುಳಸಿ ಹಾಕಿದರು, ಕುಡಿದರು. ಊರಿನ ಯಜಮಾನ ಹಂಪೇಗೌಡ ನಾಲ್ಕು ಜನರನ್ನು ಕಟ್ಟಿಕೊಂಡು ಕೋಟೆ ಬಾಗಿಲಿಗೆ ಹೋಗಿಬಂದ. ಬಾಗಿಲಿನವನು ನಕ್ಕು, "ಹೊಳೆಗೆ ಬಿದ್ದದ್ದು ಹೊಳೆಗೆ. ನಿಮ್ಮೂರ ಮುಂದೆ ಅದು ನಿಂತ್ಕಂಡು ಹೆಸರು ಹೇಳ್ತದಾ?" ಎಂದು ಕೇಳಿದನಂತೆ. ಹಂಪೇಗೌಡ ಕೈಮುಗಿದು ಹಿಂದಿರುಗಿದ. ಮುಂದೆ ಕೋಟೆಯ ಮಾತನ್ನು ಯಾರೂ ಎತ್ತಲಿಲ್ಲ.

ಊರಿನಲ್ಲಿ ಬೊಮ್ಮಣ್ಣನೆಂಬ ಒಕ್ಕಲಿನವನಿದ್ದ. ಹೊಳೆಯಮ್ಮನ ಅಡ್ಡೆ ಹೊರುವ ಮನೆತನ ಅವನದು. ಅಮ್ಮನ ಪೆಟ್ಟಿಗೆಯನ್ನು ಎರಡು ಉದ್ದನೆಯ ಮರದ ದಂಡಗಳಿಗೆ ಕಟ್ಟಿ, ಮುಂದೊಬ್ಬ ಹಿಂದೊಬ್ಬ ಹೆಗಲು ಕೊಡುತ್ತಾರೆ, ಅದೇ ಅಡ್ಡೆ. ಪೂಜಾರಿ ಎದುರು ನಿಂತು ಕೇಳುತ್ತಾನೆ. ಅಡ್ಡೆ ಮುಂದೆ ಬಂದರೆ ಅಮ್ಮ ಹೂಂ ಅಂದಂತೆ, ಹಿಂದೆ ಸರಿದರೆ ಬೇಡ ಅಂದಂತೆ. ಬೊಮ್ಮಣ್ಣ ಮುಂದಿನ ಹೆಗಲಿನವನು. ಆ ಬೇಸಿಗೆ ಅವನ ಇಬ್ಬರು ಗಂಡುಮಕ್ಕಳೂ ಹೋದರು. ಉಳಿದದ್ದು ಜುಂಜಿ ಎಂಬ ಸಣ್ಣ ಹುಡುಗಿ. ಬೊಮ್ಮಣ್ಣನ ಹೆಂಡತಿ ಓಬಕ್ಕ ಎರಡನೆಯ ಮಗನನ್ನು ಮಣ್ಣು ಮಾಡಿದ ಮೇಲೆ ಮಡುವಿನ ನೀರನ್ನು ಮನೆಗೆ ತರುವುದು ಬಿಟ್ಟಳು. ಮೋರಿಗಿಂತ ಮೇಲಿರುವ ಕುರುಬರ ಹಟ್ಟಿಯಲ್ಲಿ ಒಂದು ಮಗುವೂ ಕಾಯಿಲೆಬಿದ್ದು ಮಲಗಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಅವಳು ಬಂಡೆ ಹತ್ತಿ ಇಳಿದು ಮೇಲಿನ ಮಡುವಿನಿಂದ ಕೊಡ ಹೊತ್ತು ತರುವಳು. ನೋಡಿದವರು, "ಕೋಟೆ ರಾಣಿಗೆ ಮನೆಮುಂದಿನ ನೀರು ರುಚಿ ಹತ್ತಲ್ಲ ಕಣ್ರೇ" ಎಂದು ಆಡಿಕೊಂಡರು. ಓಬಕ್ಕ ಜುಂಜಿಗೆ ಅದನ್ನು ಬಿಟ್ಟು ಬೇರೆ ಹನಿ ಕೊಡಲಿಲ್ಲ. ಜುಂಜಿ ಮಲಗಲಿಲ್ಲ.

ಯುಗಾದಿ ಕಳೆದ ಮಂಗಳವಾರ ಅಮ್ಮನನ್ನು ಹೊಳೆಗೆ ಕರೆದೊಯ್ಯುವ ಪದ್ಧತಿ. ಅಡ್ಡೆ ಹೊತ್ತವರು ಮೆಟ್ಟಿಲಿಳಿದು ಎದೆಮಟ್ಟ ನೀರಿಗೆ ಹೋಗಿ ಪೆಟ್ಟಿಗೆಯನ್ನು ಮುಳುಗಿಸುತ್ತಾರೆ. ಆ ನೀರೇ ತೀರ್ಥ. ಅದನ್ನು ಮೊದಲು ಅಡ್ಡೆ ಹೊತ್ತವರ ಮಕ್ಕಳಿಗೆ ಕೊಡಬೇಕು, ಆಮೇಲೆ ಊರಿಗೆ. ಒಲ್ಲೆ ಎನ್ನುವಂತಿಲ್ಲ. ಓಬಕ್ಕನಿಗೆ ಆ ದಿನ ಹತ್ತಿರವಾದಷ್ಟೂ ನಿದ್ದೆ ದೂರವಾಯಿತು. ಅಡ್ಡೆ ಹೊರಬೇಡವೆಂದು ಗಂಡನಿಗೆ ಹೇಳಿದಳು. ತಾನು ಬಿಟ್ಟರೆ ಬೇರೊಬ್ಬ ಹೊರುತ್ತಾನೆ, ಅಮ್ಮ ಮುಳುಗುವುದು ಮುಳುಗುತ್ತಾಳೆ, ತೀರ್ಥ ಬರುವುದು ಬರುತ್ತದೆ ಎಂದ ಅವನು. ಅದು ನಿಜವಾಗಿತ್ತು. ಓಬಕ್ಕ ಹೇಳಿದಳು:

"ಹಂಗಾದ್ರೆ ನೀನೇ ಹೊರು. ಇಳೀಬೇಡ."

"ಅಮ್ಮನ ಹೆಸರಲ್ಲಿ ಸುಳ್ಳು ನಿಲ್ಲಲೇನೇ?"

"ಅವಳಿಗೆ ಕಣ್ಣಿದ್ರೆ ಅವಳೇ ನಿಲ್ತಾಳೆ. ಅವಳು ನಿಲ್ಲದಿದ್ರೆ ನೀನು ನಿಲ್ಲು."

ಮಂಗಳವಾರ ಉರುಮೆಯ ಸದ್ದಿನೊಡನೆ ಅಡ್ಡೆ ಮಡುವಿಗೆ ಬಂತು. ಮಕ್ಕಳನ್ನು ಕಳೆದುಕೊಂಡವರೂ ಬಂದಿದ್ದರು. ಅಮ್ಮ ಮಿಂದರೆ ಕಾಯಿಲೆ ಕಳೆಯುತ್ತದೆಂಬ ಆಸೆ. ಬೊಮ್ಮಣ್ಣ ಮೆಟ್ಟಿಲಿಳಿದ. ನೀರು ತಾಗುವ ಮೆಟ್ಟಿಲಿನ ಮೇಲೆ ಅಡ್ಡೆ ನಿಂತಿತು. ಹಿಂದಿನ ಹೆಗಲಿನ ಕಾಟಯ್ಯ ಮುಗ್ಗರಿಸಿ, "ಏನ್ಲಾ ಬೊಮ್ಮ, ಏಡಿ ಕಚ್ತಾ?" ಎಂದು ಪಿಸುಗುಟ್ಟಿದ. ಪೂಜಾರಿ ಮೂಡ್ಲಯ್ಯ ಕರ್ಪೂರ ಹಚ್ಚಿ ಕರೆದ. ಅಡ್ಡೆ ಹಿಂದೆ ಸರಿಯಿತು. ಇನ್ನೊಮ್ಮೆ ಕರೆದ. ಮೆಟ್ಟಿಲು ಹತ್ತಿ ಗುಡಿಯವರೆಗೆ ಹಿಂದೆ ಹೋಯಿತು. ಉರುಮೆ ನಿಂತುಹೋಯಿತು. ಹೊಳೆಯಮ್ಮ ಹೊಳೆಯನ್ನು ಒಲ್ಲೆ ಅಂದದ್ದು ಅದೇ ಮೊದಲು. ಆ ಮೆಟ್ಟಿಲಿನ ಮೇಲೆ ನಿಂತದ್ದು ಅಮ್ಮನೋ ಬೊಮ್ಮಣ್ಣನೋ ಎಂಬಲ್ಲಿಯೇ ಎರಡು ಮನೆತನಗಳ ಮಾತು ಬೇರೆಯಾಗುತ್ತದೆ. ತೀರ್ಮಾನಿಸಲು ನಮ್ಮ ಬಳಿ ಆಧಾರವಿಲ್ಲ.

ಅಡ್ಡೆ ಹೂಂ ಅಥವಾ ಉಹುಂ ಎನ್ನಬಲ್ಲದು. ತಾನಾಗಿ ಮಾತಾಡಲಾರದು. ಏನನ್ನು ಕೇಳಬೇಕೆಂಬುದು ಯಜಮಾನನ ಮತ್ತು ಪೂಜಾರಿಯ ಕೈಯಲ್ಲಿತ್ತು. ಹರಕೆ ಬಾಕಿಯಿದೆಯೇ ಎಂದು ಕೇಳಿದರು. ಅಡ್ಡೆ ಹಿಂದೆ ಸರಿಯಿತು. ಮುಟ್ಟಾದವರು ಮಡುವಿಗಿಳಿದರೇ ಎಂದು ಕೇಳಿದರು. ಹಿಂದೆ ಸರಿಯಿತು. ನೀರು ಬೇಡವೇ ಎಂದು ಕೇಳಿದರು. ಅಡ್ಡೆ ಮುನ್ನುಗ್ಗಿ ಪೂಜಾರಿಯ ಎದೆಗೆ ತಾಗಿತು. ಬೊಮ್ಮಣ್ಣನ ಕಣ್ಣು ಹಂಪೇಗೌಡನ ಮೇಲೆ ನೆಟ್ಟಿತ್ತು ಎನ್ನುತ್ತಾರೆ. ಇನ್ನು ಕೇಳಬೇಕಾದದ್ದು ಒಂದೇ. ಆಗ ಹೆಂಗಸರ ಸಾಲಿನಿಂದ ಓಬಕ್ಕ ಕೂಗಿದಳು: "ಮೋರಿ ಕೇಳ್ರಪ್ಪಾ! ಮೋರಿ ಮುಚ್ಚಬೇಕಾ ಅಂತ ಕೇಳಿ!"

ಹಂಪೇಗೌಡನಿಗೆ ಅದು ಕೇಳಿಸಿತು. ಕೇಳಿಸದವನಂತೆ ನಿಂತ. ಅಮ್ಮ ಹೂಂ ಅಂದುಬಿಟ್ಟರೆ ಊರು ಕೋಟೆಯ ಮೇಲೆ ಹಾರೆ ಹಿಡಿದು ಹೋಗಬೇಕಾಗಿತ್ತು. ಮೂಡ್ಲಯ್ಯ, "ಹೆಂಗಸರು ಅಮ್ಮನ ಮುಂದೆ ಬಾಯಿ ಹಾಕಬಾರದು" ಎಂದು ಗದರಿದ. ಆಮೇಲೆ ಯಜಮಾನನ ಮುಖ ನೋಡಿ ಬೇರೊಂದು ಮಾತು ಕೇಳಿದ: "ತಾಯೀ, ಮೇಲಿನ ಮಡುವಿಗೆ ಬರ್ತೀಯಾ?"

ಬೊಮ್ಮಣ್ಣ ಬಹಳ ಹೊತ್ತು ಅಲುಗಾಡಲಿಲ್ಲವಂತೆ. ಬೇಡವೆಂದರೆ ಅವರು ಮತ್ತೆ ಕೆಳಕ್ಕೇ ಇಳಿಸುತ್ತಾರೆ. ಹೂಂ ಅಂದರೆ ಇಂದು ಜುಂಜಿಯ ಬಾಯಿಗೆ ಬೀಳುವುದು ತಿಳಿನೀರು. ಅಡ್ಡೆ ಮುಂದೆ ಬಂತು. ಜನ ಉಘೇ ಎಂದರು. ಅಮ್ಮ ಮೇಲಿನ ಮಡುವಿನಲ್ಲಿ ಮಿಂದಳು. ಜುಂಜಿ ತೀರ್ಥ ಕುಡಿದು ಬಾಯಿ ಒರೆಸಿಕೊಂಡು ಇನ್ನೊಂದು ಸಲ ಕೈಯೊಡ್ಡಿದಳು. ಓಬಕ್ಕ ನಕ್ಕಳಂತೆ. ಅವಳು ಆಮೇಲೆ ನಕ್ಕದ್ದನ್ನು ಕಂಡವರಿಲ್ಲ.

ಮರುದಿನ ಅವಳು ಕೊಡ ಹೊತ್ತು ಮೇಲಕ್ಕೆ ಹೋದಾಗ ಮಡುವಿನ ಸುತ್ತ ಮುಳ್ಳು ಹಾಕಿದ್ದರು. ಇನ್ನು ಮುಂದೆ ಅದು ಅಮ್ಮನ ಜಳಕದ ನೀರು; ಮನೆ ಬಳಕೆಯ ಕೊಡ ಅದ್ದಿ ಎಂಜಲು ಮಾಡುವಂತಿಲ್ಲ. ಒಂದು ಮಡು ಕೆಟ್ಟು ಅಮ್ಮ ಎದ್ದುಬಂದಿದ್ದಾಳೆ, ಇದನ್ನಾದರೂ ಕಾಯಬೇಕು ಎಂದು ಊರು ಒಮ್ಮನಸ್ಸಿನಿಂದ ಕಟ್ಟುಮಾಡಿತ್ತು. ಕಾವಲಿಗೆ ಆಳನ್ನೂ ನಿಲ್ಲಿಸಿತ್ತು. ಗಂಡಹೆಂಡಿರಿಬ್ಬರೂ ಹಂಪೇಗೌಡನ ಜಗಲಿಗೆ ಹೋದರು. ದಿನಕ್ಕೊಂದು ಕೊಡ ಸಾಕು, ಮಗುವಿಗೆ, ಎಂದು ಬೇಡಿದರು. "ನಿನಗೊಂದು ಕೊಡ ಬಿಟ್ರೆ ನಾಳೆ ಊರೇ ಬರ್ತದೆ. ಆಮೇಲೆ ಅಮ್ಮ ಎಲ್ಲಿಗೆ ಹೋಗಬೇಕು?" ಎಂದ ಹಂಪೇಗೌಡ. "ಮೇಲಿನ ಮಡು ಬೇಕು ಅಂದದ್ದು ನಿನ್ನ ಹೆಗಲೇ ಅಲ್ವೇನಪ್ಪ?"

ಬೊಮ್ಮಣ್ಣ ಜಗಲಿಯ ಮುಂದೆ ನೆಲದ ಮೇಲೆ ಕುಳಿತುಬಿಟ್ಟ. ಅಲ್ಲೇ, ನಾಲ್ಕು ಜನರ ಎದುರು, ಮೆಟ್ಟಿಲಿನ ಮೇಲೆ ನಿಂತದ್ದು ಅಮ್ಮನಲ್ಲ, ತಾನು; ಮುಂದೆ ಬಂದವನೂ ತಾನೇ ಎಂದು ಹೇಳಿದ. ದಂಡ ಹಾಕಿ, ಊರು ಬಿಡಿಸಿ, ಮುಳ್ಳು ತೆಗೆಯಿರಿ ಎಂದ. ಯಾರಿಗೂ ಸಿಟ್ಟು ಬರಲಿಲ್ಲ. ಮೂಡ್ಲಯ್ಯ ಅವನ ಬೆನ್ನು ಸವರಿದ. "ಹೊತ್ತವನಿಗೆ ತಾನೇ ನಡೆದೆ ಅಂತಲೇ ಅನ್ನಿಸ್ತದೆ ಬೊಮ್ಮ. ನಮ್ಮಪ್ಪನಿಗೂ ಅನ್ನಿಸಿತ್ತು. ಅದೇ ಅಮ್ಮನ ಆಟ. ಮನೆಗೆ ಹೋಗಿ ಮಲಕ್ಕೋ." ಗಂಡ ನಿಜವನ್ನೇ ನುಡಿದಿದ್ದಾನೆಂದು ಓಬಕ್ಕ ಆಣೆಯಿಟ್ಟಳು. ಅಮ್ಮ ಮೈಮೇಲೆ ಬಂದ ಮನೆಯವರು ಹೀಗೆ ಬಳಲುವುದುಂಟು ಎಂದು ಜನ ಕನಿಕರಪಟ್ಟರು.

ಓಬಕ್ಕ ಹೊಳೆಯ ಮರಳಿನಲ್ಲಿ ಒರತೆ ತೋಡಿ ನೋಡಿದಳು. ಮೋರಿಯ ಕೆಳಗೆ ಒರತೆಯೂ ನಾರಿತು. ಮೇಲೆ ಮಡುವಿನ ಆಚೀಚೆ ಹೊಳೆ ಬತ್ತಿ ಬರೀ ಬಂಡೆ ಉಳಿದಿತ್ತು. ಕತ್ತಲಿದ್ದಾಗ ಮುಳ್ಳು ಸರಿಸಿ ಚೆಂಬಿನಲ್ಲಿ ತಂದಳು, ಸಿಕ್ಕಿಬಿದ್ದಳು, ಚೆಂಬನ್ನು ಕಲ್ಲಿಗೆ ಕುಕ್ಕಿ ಕಳುಹಿಸಿದರು. ಕುರುಬರ ಹಟ್ಟಿಯವರು ಸ್ವಲ್ಪ ದಿನ ನೀರು ಕೊಟ್ಟರು. ಬೇಸಿಗೆ ಬಲಿತು ಮೇವು ತೀರಿದ ಮೇಲೆ ಹಟ್ಟಿ ಎತ್ತಿಕೊಂಡು ಹೋದರು. ಬಿಸಿಲಿನ ಒಂದು ಮಧ್ಯಾಹ್ನ, ತಾಯಿ ನೀರು ಹುಡುಕಲು ಹೋಗಿದ್ದಾಗ, ಬಾಯಾರಿದ ಜುಂಜಿ ಪಕ್ಕದ ಮನೆಗೆ ಹೋಗಿ ನೀರು ಕೇಳಿದಳು. ಮಗು ಕೇಳಿದರೆ ಇಲ್ಲವೆನ್ನುವವರು ಯಾರು? ಆ ಮನೆಯವಳು ತಣ್ಣಗಿನ ಗಡಿಗೆಯಿಂದ ಮೊಗೆದು ಕೊಟ್ಟಳು. ಮುಂಗಾರು ಬರುವುದರೊಳಗೆ ಜುಂಜಿಯನ್ನು ಅವಳ ಅಣ್ಣಂದಿರ ಪಕ್ಕದಲ್ಲಿ ಮಣ್ಣು ಮಾಡಿದರು.

ಬೊಮ್ಮಣ್ಣ ಅಡ್ಡೆಗೆ ಮತ್ತೆ ಹೆಗಲು ಕೊಡಲಿಲ್ಲ. ಓಬಕ್ಕ ದಿನವೂ ಮಡುವಿನ ಮೆಟ್ಟಿಲಿಗೆ ಬಂದು ಕೂರತೊಡಗಿದಳು. ಕೊಡ ಹಿಡಿದು ಬಂದವರಿಗೆಲ್ಲ ಅಡ್ಡ ಕೈಚಾಚಿ, "ಅಮ್ಮ ಒಲ್ಲದ ಮಡು ಕಣ್ರವ್ವಾ ಇದು. ಅವಳು ಒಲ್ಲದ್ದನ್ನ ಮಕ್ಕಳಿಗೆ ಹೆಂಗೆ ಹುಯ್ತೀರಿ?" ಎಂದು ಕೇಳುವಳು. ಮೊದಮೊದಲು ಹೆಂಗಸರು ನಿಂತು ಅಳುತ್ತಿದ್ದರು. ಆಮೇಲೆ ಪಕ್ಕಕ್ಕೆ ಸರಿದು ಇಳಿಯತೊಡಗಿದರು. ಜುಂಜಿಗೆ ನೀರು ಕೊಟ್ಟಿದ್ದ ಪಕ್ಕದ ಮನೆಯವಳೇ ಒಂದು ದಿನ ಅವಳ ಎದುರು ಕುಕ್ಕರಗಾಲಲ್ಲಿ ಕುಳಿತು, "ಸರಿ ಓಬಕ್ಕಾ, ಇಳಿಯಲ್ಲ. ಒಲೆ ಮೇಲೆ ಎಸರಿಡಬೇಕು. ಎಲ್ಲಿಂದ ತರಲಿ, ನೀನೇ ಹೇಳು" ಎಂದಳಂತೆ. ಓಬಕ್ಕ ಚಾಚಿದ್ದ ಕೈಯನ್ನು ತೆಗೆದಳು. ಅವಳು ಕೂಗುತ್ತಿದ್ದ ಮಾತೇ ಮಡುವಿನ ಹೆಸರಾಗಿ ಉಳಿಯಿತು. ಊರವರು ಆ ಹೆಸರನ್ನು ಹೇಳುತ್ತಲೇ ಅದರ ನೀರನ್ನು ಕುಡಿದರು. ನಾಯಕ ಹೋದ, ದಂಡು ಹೋಯಿತು, ಕೋಟೆಯ ಗೋಡೆಯ ಕಲ್ಲುಗಳು ಪೇಟೆಯ ಮನೆಗಳಾದವು. ಮೋರಿ ಬತ್ತಲಿಲ್ಲ.

ಯುಗಾದಿ ಕಳೆದ ಮಂಗಳವಾರ ಹಿರೇತೊರೆಗೆ ಬಂದವರು ಇಂದಿಗೂ ಇದನ್ನು ನೋಡಬಹುದು. ಅಡ್ಡೆ ಮೊದಲು ಸೇತುವೆಯ ಕೆಳಗಿನ ಮೆಟ್ಟಿಲುಗಳಿಗೇ ಬರುತ್ತದೆ. ನೋಡಲು ಮರಡಿಕೋಟೆಯ ಪೇಟೆಯವರೂ ಬರುತ್ತಾರೆ, ಮೂಗಿಗೆ ಕರವಸ್ತ್ರ ಹಿಡಿದು ಸೇತುವೆಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ಪೂಜಾರಿ ಕರ್ಪೂರ ಹಚ್ಚಿ, ಇಳಿಯುತ್ತೀಯಾ ತಾಯಿ ಎಂದು ಕೇಳುತ್ತಾನೆ. ಅಡ್ಡೆ ಹಿಂದೆ ಸರಿಯುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ, ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಾರೆ. ಪೂಜಾರಿ ಇನ್ನೇನನ್ನೂ ಕೇಳುವುದಿಲ್ಲ, ಕೇಳುವ ಪದ್ಧತಿಯಿಲ್ಲ. ಮೆರವಣಿಗೆ ಮೇಲಿನ ಮಡುವಿನತ್ತ ಹೊರಟು ಉರುಮೆಯ ಸದ್ದು ದೂರವಾದಾಗ, ಖಾಲಿ ಗುಡಿಯ ಹಿಂದಿನಿಂದ ಒಂದು ಮೋಟಾರಿನ ಸದ್ದು ಕೇಳಿಸುತ್ತದೆ. ಅಲ್ಲಿರುವುದು ಪಂಚಾಯಿತಿಯ ಕೊಳವೆಬಾವಿ. ಅದರಿಂದ ಕುಡಿಯುವ ನೀರು ಊರಿನ ಟ್ಯಾಂಕಿಗೆ ಏರುತ್ತದೆ.