ಬೂದನಿಗೆ ಹೇಳಿದ ಮಾತು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ವಯಸ್ಸಾದ ಗುರುಗಳು, ಅವರ ಶಿಷ್ಯ ಶಂಭುಲಿಂಗ, ಒಂದು ನಾಯಿ. ನಾಯಿಯದು ವಿಭೂತಿಯ ಬಣ್ಣ. ಅದಕ್ಕೇ ಬೂದ ಎಂದು ಕರೆಯುತ್ತಿದ್ದರು.

ಶಂಭುಲಿಂಗ ಆ ವರ್ಷ ಆಷಾಢದ ಏಕಾದಶಿಯಂದು ಸತ್ಯವ್ರತ ಹಿಡಿದಿದ್ದ. ನಾಲ್ಕು ತಿಂಗಳು ಸುಳ್ಳಾಡುವಂತಿಲ್ಲ. ಆಡಿರಲೂ ಇಲ್ಲ. ಮುಗಿಯುವುದಕ್ಕೆ ಇನ್ನು ಎರಡೇ ದಿನ ಉಳಿದಿತ್ತು.

ಬೂದನಿಗೆ ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು. ಈ ಸಲದ ಗಡುವು ಅವತ್ತೇ.

ಗುರುಗಳು ಮೊದಲೇ ಹೇಳಿದ್ದರು. "ದಿನಾ ಮಕ್ಕಳು ಪ್ರಸಾದಕ್ಕೆ ಬರುವ ಜಾಗ ಇದು. ಲಸಿಕೆ ಇಲ್ಲದ ನಾಯಿ ಇಲ್ಲಿರಬಾರದು. ಗಡುವಿನೊಳಗೆ ಆಗದಿದ್ದರೆ ಬೂದನನ್ನು ಆಚೆ ದಡದ ತೋಟಕ್ಕೆ ಬಿಟ್ಟುಬಿಡೋಣ."

ಕಣ್ಣು ಬಿಡದ ಮರಿಯಾಗಿದ್ದಾಗಿನಿಂದ ಹಾಲಿನಲ್ಲಿ ಬತ್ತಿ ಅದ್ದಿ ಸಾಕಿದವನು ಶಂಭುಲಿಂಗ. ಆ ಮಾತು ಕೇಳಿದಂದಿನಿಂದ ಅವನಿಗೆ ಊಟ ಸೇರಿರಲಿಲ್ಲ.

ಬೆಳಿಗ್ಗೆ ಅವನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. ತಂಬಿಗೆ ಹಿಡಿದುಕೊಂಡ. ಹಗ್ಗವನ್ನು ಟವೆಲ್ಲಿನೊಳಗೆ ಸುತ್ತಿಟ್ಟ.

"ಬಾರೋ ಬೂದ, ಹೊಳೆಗೆ ಹೋಗೋಣ."

ಬೂದ ಟವೆಲ್ಲನ್ನು ನೋಡಿತು. ಬಾಲ ಮುದುರಿಕೊಂಡು ಗುರುಗಳ ಮಂಚದ ಕೆಳಗೆ ನುಸುಳಿತು.

ಮೂರು ವರ್ಷದಿಂದ ಹೀಗೆಯೇ. ಹೊಳೆಗೆ ಎಂದು ಹೊರಡುವುದು, ಅರಳಿಮರದ ಹತ್ತಿರ ಹಗ್ಗ ಬಿಗಿದು ಪಶು ಆಸ್ಪತ್ರೆಯ ದಾರಿಗೆ ಎಳೆಯುವುದು. ಹೋದ ವರ್ಷ ಬೂದ ಕಾಂಪೌಂಡರ್ ಗಂಗಣ್ಣನ ಕೈ ಕಚ್ಚಿತ್ತು. ಅಂದಿನಿಂದ ಅದು ಶಂಭುಲಿಂಗನ ಜೊತೆ ಹೊಳೆಗೂ ಹೋಗುತ್ತಿರಲಿಲ್ಲ.

"ಗುರುಗಳೇ, ಇವನು ಈಚೆಗೆ ಬರ್ತಾ ಇಲ್ಲ."

ಗುರುಗಳು ಮಂಚದ ಮೇಲೆ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. "ಅವನಿಗೆ ಏನು ಹೇಳಿದೆ?"

"ಹೊಳೆಗೆ ಹೋಗೋಣ ಅಂದೆ."

"ಹೋಗ್ತಿರೋದು ಎಲ್ಲಿಗೆ?"

"ಆಸ್ಪತ್ರೆಗೆ."

ಗುರುಗಳು ಇನ್ನೊಂದು ಬತ್ತಿ ಹೊಸೆದರು. "ನಿನ್ನ ವ್ರತ ಎಲ್ಲಿಗೆ ಬಂತು?"

ಶಂಭುಲಿಂಗನ ಕಿವಿ ಕೆಂಪಾಯಿತು. "ಅದು ಮನುಷ್ಯರ ಹತ್ತಿರ ಅಲ್ಲವೇ ಗುರುಗಳೇ? ಇವನು ನಾಯಿ. ನಿಜ ಹೇಳಿದರೆ ಇವನಿಗೇನು ಅರ್ಥವಾಗುತ್ತೆ?"

"ಸುಳ್ಳು ಅರ್ಥವಾಗಿದೆಯಲ್ಲ."

ಶಂಭುಲಿಂಗ ತಂಬಿಗೆಯನ್ನು ಅದರ ಜಾಗದಲ್ಲಿಟ್ಟ. ಟವೆಲ್ಲನ್ನು ಗೂಟಕ್ಕೆ ಹಾಕಿದ. ಹಗ್ಗವನ್ನು ಕಾಣುವ ಹಾಗೆ ನೆಲದ ಮೇಲೆ ಇಟ್ಟು, ಮಂಚದ ಪಕ್ಕ ಕೂತ.

"ಬೂದ, ಆಸ್ಪತ್ರೆಗೆ ಹೋಗಬೇಕು. ಸೂಜಿ ಚುಚ್ತಾರೆ. ನೋಯುತ್ತೆ. ನಾನು ಹಿಡಕೊಂಡಿರ್ತೀನಿ. ಮುಗಿದ ಮೇಲೆ ಮನೆಗೆ ಬರೋಣ."

ಮಂಚದ ಕೆಳಗಿನಿಂದ ಸದ್ದಿಲ್ಲ.

"ಎಳೆದುಕೊಂಡು ಹೋಗಲೇ ಗುರುಗಳೇ? ಹನ್ನೆರಡೂವರೆಗೆ ಆಸ್ಪತ್ರೆ ಮುಚ್ಚುತ್ತೆ."

"ಮೂರು ವರ್ಷ ಅವನು ನಿನ್ನ ಮಾತು ಕೇಳಿ ಬಂದ. ಈಗ ನೀನು ಸ್ವಲ್ಪ ಹೊತ್ತು ಅವನಿಗೆ ಕಾಯಿ."

ಒಂಬತ್ತಾಯಿತು. ಹತ್ತಾಯಿತು. ಶಂಭುಲಿಂಗ ಏಳಲಿಲ್ಲ. ಆಗಾಗ ಅದೇ ಮಾತನ್ನೇ ಹೇಳಿದ. ಒಂದಕ್ಷರ ಸಿಹಿ ಮಾಡಲಿಲ್ಲ.

ಹನ್ನೊಂದಕ್ಕೆ ಮೂಗು ಹೊರಗೆ ಬಂತು. ಆಮೇಲೆ ತಲೆ. ಬೂದ ಹಗ್ಗವನ್ನು ಮೂಸಿತು. ಶಂಭುಲಿಂಗನ ಬರಿ ಹೆಗಲನ್ನು ನೋಡಿತು. ನಡುಗುತ್ತಲೇ ಬಂದು ಅವನ ಮೊಣಕಾಲಿಗೆ ಒರಗಿ ನಿಂತಿತು.

ಅರಳಿಮರದ ಹತ್ತಿರ ದಾರಿ ಎರಡಾಗುತ್ತದೆ. ಬೂದ ಅಲ್ಲಿ ನಿಂತಿತು.

"ಆಸ್ಪತ್ರೆಗೇ," ಎಂದ ಶಂಭುಲಿಂಗ.

ಹಗ್ಗ ಸಡಿಲವಾಗಿಯೇ ಇತ್ತು. ಬೂದ ಆಸ್ಪತ್ರೆಯ ದಾರಿಗೆ ಹೆಜ್ಜೆ ಇಟ್ಟಿತು.

ಗಂಗಣ್ಣ ದೂರದಿಂದಲೇ ಕಂಡು ಬಾಗಿಲ ಹಿಂದೆ ಸರಿದ. "ಸ್ವಾಮೇರೇ, ಮೊದಲು ಅದರ ಬಾಯಿ ಕಟ್ಟಿ. ನನಗೆ ಉಳಿದಿರೋದು ಒಂದೇ ಒಳ್ಳೆ ಕೈ."

"ಕಟ್ಟೋಣ ಗಂಗಣ್ಣ," ಎಂದು ಶಂಭುಲಿಂಗ ಬಟ್ಟೆಯ ಪಟ್ಟಿಯನ್ನು ಮೊದಲು ಬೂದನಿಗೇ ತೋರಿಸಿದ. "ಇದನ್ನ ಬಾಯಿಗೆ ಕಟ್ತೀನಿ. ಆಮೇಲೆ ಬಿಚ್ತೀನಿ."

ಕಟ್ಟಿಸಿಕೊಂಡಿತು.

ಡಾಕ್ಟರಮ್ಮ ಸೂಜಿ ತಂದರು. "ಏನೂ ಆಗಲ್ಲ ಕಣೋ ಅಂತ ಹೇಳಿ ಸ್ವಾಮಿ, ಸಮಾಧಾನ ಆಗುತ್ತೆ."

"ಈಗ ನೋಯುತ್ತೆ ಬೂದ," ಎಂದ ಶಂಭುಲಿಂಗ.

ಬೂದ ಒಮ್ಮೆ ಕುಂಯ್ ಎಂದಿತು. ಮೈಯೆಲ್ಲ ನಡುಗಿತು. ನಾಲ್ಕು ಕಾಲೂ ನಿಂತಲ್ಲೇ ನಿಂತವು.

ಡಾಕ್ಟರಮ್ಮ ಕೈ ತೆಗೆದರು. "ಮುಗೀತು. ಒಂದು ವಾರ ನೀರಿಗೆ ಇಳಿಸಬೇಡಿ."

"ಇದೇ ನಾಯೀನಾ?" ಎಂದು ಗಂಗಣ್ಣ ಬಾಗಿಲ ಹಿಂದಿನಿಂದ ಬಂದ. ಶಂಭುಲಿಂಗ ಮಾತು ಕೊಟ್ಟಂತೆ ಪಟ್ಟಿ ಬಿಚ್ಚಿದ. ಬೂದ ಗಂಗಣ್ಣನ ಹಳೆಯ ಗಾಯವನ್ನು ಮೂಸಿ, ಒಮ್ಮೆ ನೆಕ್ಕಿತು.

ಊರಿನ ಬೀದಿಯಲ್ಲಿ ಬೂದ ಬಾಲ ಎತ್ತಿಕೊಂಡು ಮುಂದೆ, ಶಂಭುಲಿಂಗ ಹಿಂದೆ. ಪ್ರಸಾದಕ್ಕೆ ಹೊರಟಿದ್ದ ಮಕ್ಕಳು ದಾರಿಯಲ್ಲೇ ಎದುರಾಗಿ, ಮೆರವಣಿಗೆಯ ಹಾಗೆ ಸುತ್ತ ಸೇರಿಕೊಂಡು ಆಶ್ರಮದ ತನಕ ಬಂದರು.

ಮರುದಿನ ಬೆಳಿಗ್ಗೆ ಶಂಭುಲಿಂಗ ಟವೆಲ್ಲು ಹೆಗಲಿಗೆ ಹಾಕಿಕೊಂಡ. ಬೂದ ತಲೆ ಎತ್ತಿತು.

"ಹೊಳೆಗೆ. ನಾನು ಸ್ನಾನ ಮಾಡ್ತೀನಿ. ನೀನು ದಡದಲ್ಲಿ ಕೂತಿರಬೇಕು."

ಅರಳಿಮರದ ತನಕ ಬೂದ ಹಿಂದೆ ಹಿಂದೆಯೇ ಬಂತು. ಶಂಭುಲಿಂಗ ಹೊಳೆಯ ದಾರಿಗೆ ತಿರುಗಿದ. ಬೂದ ಅವನನ್ನು ದಾಟಿ, ಮರಳು ಹಾರಿಸುತ್ತ ಓಡಿತು. ಅವನು ನೀರಿನಿಂದ ಏಳುವ ತನಕ ಟವೆಲ್ಲಿನ ಮೇಲೆ ಕೂತು ಕಾದಿತ್ತು.

ಶಂಭುಲಿಂಗ ಒದ್ದೆ ತಲೆಯಲ್ಲೇ ಬಂದು ಗುರುಗಳಿಗೆ ನಮಸ್ಕರಿಸಿದ. ಅವನ ಮುಖ ಬೆಳಗುತ್ತಿತ್ತು.

"ಗುರುಗಳೇ, ಬೂದ ಹೊಳೆಗೆ ಬಂದ. ನಾಳೆಗೆ ನನ್ನ ವ್ರತವೂ ಮುಗಿಯುತ್ತೆ. ಉದ್ಯಾಪನೆಗೆ ಪಾಯಸ ಮಾಡಿಸಲೇ?"

ಗುರುಗಳು ಬೂದನ ತಲೆ ಸವರಿದರು.

"ಪಾಯಸ ಮಾಡಿಸು, ಬೂದನಿಗೂ ಒಂದು ಎಲೆ ಹಾಕು. ಉದ್ಯಾಪನೆಗೆ ಅವಸರ ಯಾಕಪ್ಪ? ವ್ರತ ಶುರುವಾಗಿದ್ದು ನಿನ್ನೆ."