ನಾಲ್ಕು ರಾಗಿಚೀಲ ಕಳುವಾದ ಕತೆ

ಒಂದಾನೊಂದು ಊರಿನಲ್ಲಿ, ಕೇಳ್ರಪ್ಪಾ, ನಿಂಗಾಜಮ್ಮ ಅಂತ ಒಬ್ಬಳಿದ್ದಳು. ಹದವಾಗಿ ಮಳೆ ಬಿದ್ದಿತ್ತು. ಒಂದು ಚೀಲ ಬಿತ್ತನೆ ರಾಗಿ ಹೊತ್ತುಕೊಂಡು ಹೊಲಕ್ಕೆ ಹೊರಟಳು. ದಾರಿ ಅರಮನೆ ಮುಂದೆಯೇ.

ಆ ಊರಿನ ರಾಜನಿಗೆ ಹೆಸರಿನ ಹುಚ್ಚು. ಹೆಸರೆಷ್ಟೋ ವಸ್ತು ಅಷ್ಟಿರಬೇಕು, ಒಂದೂ ಕಮ್ಮಿಯಾಗಕೂಡದು.

"ಚೀಲದಲ್ಲೇನು?" ಅಂದ ರಾಜ, ಅವಳನ್ನು ಸಿಂಹಾಸನದ ಮುಂದೆ ಕರೆಸಿ.

"ರಾಗಿ, ಬುದ್ದಿ."

ಪಕ್ಕದಲ್ಲಿದ್ದ ಮರಾಠಿಯವನು "ಇದು ನಾಚಣಿ" ಅಂದ. ತೆಲುಗಿನವನು "ಚೋಡಿ" ಅಂದ. ತಮಿಳಿನವನು "ಕೇಳ್ವರಗು" ಅಂದ. ಬಡಗಣ ದೇಶದವನು "ಮಡುವಾ" ಅಂದ.

ರಾಜ ಬೆರಳು ಮಡಚಿದ. "ಐದು ಹೆಸರು, ಒಂದೇ ಚೀಲ! ಮಿಕ್ಕ ನಾಲ್ಕು ಚೀಲ ಎಲ್ಲಿ ಬಚ್ಚಿಟ್ಟೆ?"

"ನಾನಿರೋದೇ ಒಂದು, ದೇವರಾಣೆ!" ಎಂದು ಚೀಲವೇ ಕೂಗಿತು.

"ನೋಡಿದಿರಾ? ಕದ್ದ ಮಾಲು ಕಳ್ಳರ ಪರವೇ ಮಾತಾಡುತ್ತೆ. ನಾಲ್ಕೂ ಸಿಗೋವರೆಗೆ ಇವಳು ಇಲ್ಲೇ ಇರಲಿ!"

ನಿಂಗಾಜಮ್ಮ ಹೊರಗೆ ನೋಡಿದಳು. ಬಿಸಿಲು ಏರುತ್ತಿದೆ, ಹದ ಆರುತ್ತಿದೆ. ಇವತ್ತು ಬಿತ್ತದಿದ್ದರೆ ವರ್ಷವೆಲ್ಲ ಮುದ್ದೆ ಇಲ್ಲ. ತಲೆ ಕೆರೆದುಕೊಂಡು ಕೇಳಿದಳು:

"ಬುದ್ದೀ, ತಮ್ಮನ್ನ ಏನಂತ ಕರೀತಾರೆ?"

"ಭಟರು ಮಹಾಪ್ರಭು ಅಂತಾರೆ. ಅವ್ವ ಪುಟ್ಟಣ್ಣಿ ಅಂತಾಳೆ. ಮೊಮ್ಮಗಳು ತಾತ ಅಂತಾಳೆ. ರಾಣಿ ‘ರೀ’ ಅಂತಾಳೆ."

"ನಾಲ್ಕು ಹೆಸರಾಯ್ತು. ಮಿಕ್ಕ ಮೂವರು ಎಲ್ಲಿ, ಬುದ್ದಿ?"

ರಾಜ ತನ್ನ ಹಿಂದೆ ನೋಡಿದ. ಯಾರೂ ಇಲ್ಲ. ಸಿಂಹಾಸನದ ಕೆಳಗೆ ಬಗ್ಗಿದ. ಅಲ್ಲೂ ಇಲ್ಲ.

"ಅಯ್ಯಯ್ಯೋ! ನಾನು ಮೂರು ಜನ ಕಳುವಾಗಿದ್ದೀನಿ!"

ಸೈನ್ಯವೆಲ್ಲ ಹುಡುಕಲು ಓಡಿತು. ನನ್ನ ಮುಖ ನನಗೇ ಚೆನ್ನಾಗಿ ಗೊತ್ತು ಅಂತ ರಾಜನೂ ಓಡಿದ. ಅರಮನೆಯಲ್ಲಿ ಬೇಡ ಅನ್ನೋರು ಯಾರೂ ಉಳಿಯಲಿಲ್ಲ. ನಿಂಗಾಜಮ್ಮ ಚೀಲ ಹೊತ್ತಳು, ಹೊಲಕ್ಕೆ ಹೋದಳು, ಬಿತ್ತಿದಳು.

ನಾಲ್ಕು ತಿಂಗಳಾಯಿತು. ಹೊಸ ರಾಗಿ ಮನೆಗೆ ಬಂತು. ಒಂದು ಮಧ್ಯಾಹ್ನ ಮುದ್ದೆ ಕಟ್ಟುತ್ತಿದ್ದಾಗ, ಕಿರೀಟ ವಾಲಿದವನೊಬ್ಬ ಬಾಗಿಲಿಗೆ ಬಂದ.

"ತಾಯೀ, ನನ್ನಂಥೋರು ಮೂವರನ್ನ ಕಂಡೆಯಾ?"

ಕೋಪ ಬರಬೇಕಿತ್ತು, ಬರಲಿಲ್ಲ. ಬಡಕಲಾಗಿದ್ದ ಪಾಪ. "ಮೊದಲು ಉಣ್ಣು ಬಾ" ಅಂದಳು.

ಮಹಾಪ್ರಭುವಿಗೊಂದು, ಪುಟ್ಟಣ್ಣಿಗೊಂದು, ತಾತನಿಗೊಂದು, ರೀಗೊಂದು ಅಂತ ನಾಲ್ಕು ಮುದ್ದೆ ನುಂಗಿದ. ಸಾರು ಖಾಲಿ. ಮಡಕೆ ಖಾಲಿ.

"ಎಂಥ ಹೊಟ್ಟೆಬಾಕನಪ್ಪಾ ಇವನು!" ಅಂತ ನಿಂಗಾಜಮ್ಮ ಗೊಣಗಿದಳು.

ರಾಜ ಕೈಯನ್ನೂ ತೊಳೆಯದೆ ಎದ್ದು ನಿಂತ.

"ಹೊಟ್ಟೆಬಾಕ! ಇದು ಐದನೇ ಹೆಸರು! ಅಯ್ಯೋ, ಈಗ ನಾಲ್ವರನ್ನ ಹುಡುಕಬೇಕಲ್ಲಪ್ಪಾ!" ಅಂತ ಓಡಿಯೇ ಓಡಿದ.

ಇನ್ನೂ ಓಡುತ್ತಲೇ ಇದ್ದಾನಂತೆ. ಅದಕ್ಕೇ ಹೇಳೋದು, ನಿಮ್ಮ ಬಾಗಿಲಿಗೆ ಬಂದರೆ ಊಟ ಇಡಿ, ಹೆಸರಿಡಬೇಡಿ. ಕತೆ ಅಲ್ಲಿಗೆ ಓಡಿತು, ನಾವು ಇಲ್ಲಿ ಉಣ್ಣೋಣ ಏಳಿ.